ಬಿಸಿ ಪೈ ಕೊಡದ ಬೇಕರಿ

ಕಾರವಾರದ ಕೋಡಿಬಾಗದಲ್ಲಿ, ಮುಖ್ಯರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ, ಮನೆಯ ಮುಂಗೋಣೆಯನ್ನೇ ಅಂಗಡಿ ಮಾಡಿಕೊಂಡಿರುವ ಸಣ್ಣ ಬೇಕರಿಯೊಂದಿದೆ. ಅಲ್ಲಿ ಕೇಕು, ಬನ್ನು, ಬಿಸ್ಕತ್ತುಗಳು ಇಲ್ಲವೆಂದಲ್ಲ. ಆದರೆ ಜನ ಹುಡುಕಿಕೊಂಡು ಬರುವುದು ಪೈಗಾಗಿ. ಮೈದಾ ಮತ್ತು ಬೆಣ್ಣೆಯ ಹಿಟ್ಟನ್ನು ಲಟ್ಟಿಸಿ ತಗಡಿನ ತಟ್ಟೆಗೆ ಹಾಸಿ, ಹಣ್ಣಿನದೋ ತರಕಾರಿಯದೋ ಸಿಗಡಿಯದೋ ಹೂರಣವನ್ನು ತುಂಬಿ, ಮೇಲೆ ಇನ್ನೊಂದು ಹಾಳೆ ಹೊದಿಸಿ ಓವನ್ನಿನಲ್ಲಿ ಬೇಯಿಸುವ ಈ ತಿನಿಸನ್ನು ನಮ್ಮ ಕರಜೀಕಾಯಿಯ ದೂರದ ನೆಂಟನೆನ್ನಬಹುದು. ಎಣ್ಣೆಯಲ್ಲಿ ಕರಿಯುವುದಿಲ್ಲ, ಕತ್ತರಿಸಿ ಹಂಚುತ್ತಾರೆ ಎಂಬುದಷ್ಟೇ ಮೇಲುನೋಟದ ವ್ಯತ್ಯಾಸ.

ಕಾರವಾರಕ್ಕೆ ಬೇಕರಿಯ ರುಚಿ ಹೊಸದೇನಲ್ಲ. ಗೋವೆ ಮಗ್ಗುಲಲ್ಲೇ ಇರುವುದರಿಂದ ಪಾವು ನಮ್ಮ ಬೆಳಗಿನ ಚಹಾದ ಜೊತೆ ಎಂದಿನಿಂದಲೋ ಇದೆ, ಅಯ್ಯಂಗಾರ್ ಬೇಕರಿಯ ಬೋರ್ಡು ಇಲ್ಲದ ಪೇಟೆ ಕರ್ನಾಟಕದಲ್ಲೇ ಕಡಿಮೆ. 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ ಮೇಲೆ ಬೇರೆ ಬೇರೆ ರಾಜ್ಯಗಳ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಈ ಬೇಕರಿಯ ಮೊದಲ ಗಿರಾಕಿಗಳು ಆ ಕುಟುಂಬಗಳವರೇ ಎಂದು ಅದನ್ನು ನಡೆಸುವ ಹೆಂಗಸು ಹೇಳುತ್ತಾರೆ. ಗೋವೆಯ ಹೋಟೆಲುಗಳ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದ ಅವರನ್ನು ಓಣಿಯವರೆಲ್ಲ, ಕೊಂಕಣಿಯಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವಂತೆ, ‘ಬಾಯಿ’ ಎಂದೇ ಕರೆಯುತ್ತೇವೆ. ನಾನು ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳಾದ್ದರಿಂದ ಅವರಿಗೆ ನಾನು ‘ಅಕ್ಕೋರು’.

ನಾನು ಅಲ್ಲಿಗೆ ಮೊದಲು ಹೋದದ್ದು ಸಂಜೆ ಐದರ ಸುಮಾರಿಗೆ. ಓವನ್ನಿನಿಂದ ಆಗಷ್ಟೇ ಇಳಿದ ಮಾವಿನ ಪೈಗಳು ಕಿಟಕಿಯ ಬಳಿಯ ತಂತಿಜಾಲರಿಯ ಮೇಲೆ ಸಾಲಾಗಿದ್ದವು. ಮೇಲ್ಹಾಳೆಯ ಸೀಳುಗಳಿಂದ ಹಳದಿ ರಸ ಇನ್ನೂ ಗುಳ್ಳೆಯೇಳುತ್ತಿತ್ತು. ಒಂದನ್ನು ಕಟ್ಟಿಕೊಡಲು ಕೇಳಿದರೆ, “ಎಂಟು ಗಂಟೆಗೆ ಬನ್ನಿ ಅಕ್ಕೋರೆ, ಈಗ ಕೊಡುವುದಿಲ್ಲ” ಎಂದರು. ನನ್ನ ಹಿಂದೆ ನಿಂತಿದ್ದ ಗೃಹಸ್ಥರೊಬ್ಬರಿಗೂ ಅದೇ ಉತ್ತರ ಸಿಕ್ಕಿತು. ಅವರು, “ಬಿಸಿಬಿಸಿ ಇರುವಾಗ ಕೊಡದಿದ್ದರೆ ಬೇಕರಿ ಯಾತಕ್ಕೆ ಇಟ್ಟಿದ್ದೀರಿ ಮಾರಾಯ್ರೆ?” ಎಂದು ಗೊಣಗುತ್ತ ಸ್ಕೂಟರು ಹತ್ತಿ ಹೊರಟೇಬಿಟ್ಟರು. ಬಿಸಿ ಪಫ್ಸು ತಿಂದು ಬೆಳೆದ ನಾಲಗೆಗೆ ಅವರ ಮಾತು ನ್ಯಾಯವಾಗಿಯೇ ಕಂಡೀತು. ಬಾಯಿ ಅವರನ್ನು ತಡೆಯಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಈ ಅಂಗಡಿಯ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಅವರ ನಿರಾಕರಣೆಗಳೆಲ್ಲಕ್ಕೂ ಸರಿಯಾದ ಕಾರಣವಿರುತ್ತದೆ, ಆದರೆ ಕೇಳಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ; ಕೇಳದವರು ಸಿಟ್ಟಾಗಿ ಹೋಗುತ್ತಾರೆ.

ನಾನು ಕೇಳಿದೆ. ಬಾಯಿ ಅಂಗೈಯಗಲದ ಪೈಯೊಂದನ್ನು ಗಾಜಿನ ತಟ್ಟೆಗೆ ಇಳಿಸಿ ನಡುವೆ ಚಾಕು ಹಾಕಿದರು. ಹೂರಣ ತಡೆಯಿಲ್ಲದೆ ಹರಿದು ತಟ್ಟೆಯ ಅಂಚು ಮುಟ್ಟಿತು. ಮೇಲಿನ ಹಾಳೆ ಆಧಾರವಿಲ್ಲದೆ ಕುಸಿದು ಒಳಗೆ ಬಿತ್ತು. ಉಳಿದರ್ಧವನ್ನು ಹಾಗೆಯೇ ಎತ್ತಿಟ್ಟು, ರಾತ್ರಿ ಎಂಟಕ್ಕೆ ನಾನು ಮರಳಿ ಹೋದಾಗ ತುಂಡು ಮಾಡಿ ತೋರಿಸಿದರು. ಅದೇ ಹೂರಣ ಈಗ ಕತ್ತರಿಸಿದ ಮೈಯಲ್ಲಿ ಗೋಡೆಯಂತೆ ನಿಂತಿತ್ತು. ಹಣ್ಣಿನ ರಸವನ್ನು ಹಿಡಿದಿಡಲು ಹಾಕುವ ಕಾರ್ನ್‌ಫ್ಲೋರು ಕುದಿಯುವಾಗ ನೀರು ಹೀರಿ ಉಬ್ಬುತ್ತದೆಯಾದರೂ ಅದು ಗಟ್ಟಿಯಾಗಿ ಕೂರುವುದು ತಣ್ಣಗಾದ ಮೇಲೆ. ದೊಡ್ಡ ಹಣ್ಣಿನ ಪೈಗೆ ಮೂರು ನಾಲ್ಕು ತಾಸು ಬೇಕೇ ಬೇಕು. ಇನ್ನೊಂದು ಕಾರಣವೂ ಇದೆ. ಬಿಸಿ ಪೈಯನ್ನು ಡಬ್ಬಿಯಲ್ಲಿ ಮುಚ್ಚಿದರೆ ಹಬೆ ಹೊರಗೆ ಹೋಗಲಾರದೆ ಹೊರಕವಚದ ಮೇಲೆಯೇ ಇಳಿದು, ಮನೆ ಮುಟ್ಟುವಷ್ಟರಲ್ಲಿ ಗರಿಗರಿ ಹೋಗಿ ಮೆತ್ತಗಾಗುತ್ತದೆ. ತರಕಾರಿಯ ಪೈಗೆ ಈ ನಿಯಮ ಇಷ್ಟು ಬಿಗಿಯಲ್ಲ, ಅದನ್ನು ಅರ್ಧ ತಾಸಿನಲ್ಲಿ ಕತ್ತರಿಸಬಹುದು.

ಮೇ ತಿಂಗಳ ಕೊನೆಗೆ ಅಂಕೋಲೆಯಲ್ಲಿರುವ ನಮ್ಮ ಮೂಲಮನೆಯಲ್ಲಿ ಅಣ್ಣನ ನಿವೃತ್ತಿಯ ನಿಮಿತ್ತ ಸಂಜೆಯ ಚಹಾಕೂಟವೊಂದು ನಿಶ್ಚಯವಾಯಿತು. ರಜೆಗೆ ಬಂದಿದ್ದ ಅಣ್ಣನ ಮೊಮ್ಮಗಳಿಗೆ ಪೈ ಬೇಕೆಂಬ ಹಟ. ನನಗೆ ನಮ್ಮ ಇಶಾಡು ಮಾವಿನಹಣ್ಣಿನದೇ ಮಾಡಿಸಬೇಕೆಂಬ ಆಸೆ. ಹೀಗೆ ಮಾವಿನ ಪೈ ಮತ್ತು ಬಟಾಟೆ-ಬಟಾಣಿಯ ಪೈಗಳ ಆರ್ಡರು ಕೊಡಲು ಹೋದೆ. ಕೊಟ್ಟು ಬರುವುದೇನು, ಐದು ನಿಮಿಷದ ಕೆಲಸ ಎಂದುಕೊಂಡಿದ್ದರೆ ಬಾಯಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಪ್ರಶ್ನೆಗಳನ್ನು ಕೇಳತೊಡಗಿದರು. ಎಷ್ಟು ಜನ, ಎಷ್ಟು ಹೊತ್ತಿಗೆ ತಿನ್ನುವುದು, ಒಯ್ಯುವುದು ಯಾವ ವಾಹನದಲ್ಲಿ, ಅಲ್ಲಿ ಫ್ರಿಜ್ಜಿದೆಯೇ, ಬರುವವರಲ್ಲಿ ಮೊಟ್ಟೆ ತಿನ್ನದವರು ಇದ್ದಾರೆಯೇ.

ಇದ್ದರು. ಅಣ್ಣನ ಸಹೋದ್ಯೋಗಿಗಳಲ್ಲಿ ಸಿರ್ಸಿ ಕಡೆಯ ಹಲವರು ಮೊಟ್ಟೆಯನ್ನು ಮುಟ್ಟುವವರಲ್ಲ. ಪೈ ಹಿಟ್ಟಿಗೆ ಮೊಟ್ಟೆ ಬೇಕಾಗುವುದೇ ಇಲ್ಲ; ಮೇಲ್ಮೈಗೆ ಹೊಳಪು ಮತ್ತು ಕಂದು ಬಣ್ಣ ಬರಲೆಂದು ಸವರುವುದಕ್ಕಷ್ಟೇ ಅದರ ಬಳಕೆ, ಅದರ ಬದಲು ಹಾಲು ಸವರಿದರೂ ನಡೆಯುತ್ತದೆ, ಹೊಳಪು ಕೊಂಚ ಕಡಿಮೆ ಅಷ್ಟೆ. ಇಷ್ಟಕ್ಕೆ ಮುಗಿಯಿತೆಂದು ನಾನು ಎದ್ದರೆ ಬಾಯಿ ಬಿಡಲಿಲ್ಲ. “ಇರುವುದೊಂದೇ ಓವನ್ನು ಅಕ್ಕೋರೆ. ಇದರಲ್ಲೇ ಸಿಗಡಿ ಪೈಯೂ ಬೇಯುತ್ತದೆ, ಮೊಟ್ಟೆ ಹಾಕಿದ ಕೇಕೂ ಬೇಯುತ್ತದೆ. ನಾಳೆ ಯಾರಾದರೂ ಕೇಳಿದರೆ ನೀವು ಹೇಳಬೇಕಾಗುತ್ತದಲ್ಲ, ಅದಕ್ಕೆ ಈಗಲೇ ಹೇಳುತ್ತಿದ್ದೇನೆ. ಸೋಮವಾರದ ಮೊದಲ ಪಾಳಿ ಮಾತ್ರ ಪೂರ್ತಿ ಸಸ್ಯಾಹಾರ.” ನಮ್ಮ ಕಡೆ ಮೀನು ತಿನ್ನುವ ಮನೆಗಳಲ್ಲೂ ಸೋಮವಾರ ಅದನ್ನು ಬಿಡುವವರು ಬಹಳ, ಅದನ್ನು ನೋಡಿಯೇ ಅವರು ರವಿವಾರ ರಾತ್ರಿ ಓವನ್ನಿನ ತಟ್ಟೆ, ಜಾಲರಿಗಳನ್ನೆಲ್ಲ ತೊಳೆದು ಸೋಮವಾರ ಬೆಳಿಗ್ಗೆ ಮೊಟ್ಟೆ-ಮಾಂಸದ ಸೋಂಕಿಲ್ಲದ ಪಾಳಿಯೊಂದನ್ನು ನಡೆಸುತ್ತಾರೆ. ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕೆ ಒಳಗಿರುವ ಪದಾರ್ಥದ ಮಾತು ಹೇಳುತ್ತದೆಯೇ ಹೊರತು ಅದು ಬೆಂದ ಓವನ್ನಿನ ದಿನಚರಿಯನ್ನು ಹೇಳುವುದಿಲ್ಲ. ಸಿರ್ಸಿಯವರೊಬ್ಬರಿಗೆ ಫೋನು ಮಾಡಿ ವಿಚಾರಿಸಿ, ಚಹಾಕೂಟವನ್ನು ರವಿವಾರದಿಂದ ಸೋಮವಾರದ ಸಂಜೆಗೆ ಮುಂದೂಡಿದೆವು.

ಇಶಾಡಿನ ವಿಷಯದಲ್ಲಿ ನಮ್ಮಿಬ್ಬರಿಗೂ ಜಗ್ಗಾಟವೇ ನಡೆಯಿತು. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿದೆ. ತೆಳು ಸಿಪ್ಪೆ, ತುಂಬಿದ ತಿರುಳು, ಕೋಣೆಯಲ್ಲಿಟ್ಟರೆ ಓಣಿಗೆ ಬರುವ ಪರಿಮಳ. ಬಿಳಿ ಇಶಾಡಿನ ಸಿಪ್ಪೆ ದಪ್ಪ, ಸಿಹಿ ಕಡಿಮೆ. ಆದರೆ ಕರಿ ಇಶಾಡನ್ನು ಹೋಳು ಮಾಡಿ ಬೇಯಿಸಿದರೆ ಹೋಳು ಹೋಳಾಗಿ ಉಳಿಯುವುದಿಲ್ಲ, ಎಲ್ಲವೂ ಕರಗಿ ರಸಾಯನವಾಗುತ್ತದೆ ಎಂಬುದು ಬಾಯಿಯ ಆಕ್ಷೇಪ. ಅವರು ಎಂದಿನಂತೆ ತೋತಾಪುರಿಯಿಂದ ಮಾಡಿಕೊಡುತ್ತೇನೆಂದರು; ಅಂಕೋಲೆಯ ಮನೆಗೆ ತೋತಾಪುರಿ ಪೈ ಹಿಡಿದುಕೊಂಡು ಹೋಗಲು ನಾನು ಒಪ್ಪಲಿಲ್ಲ. ಕೊನೆಗೆ ಇಶಾಡಿನ ತಿರುಳನ್ನು ದಪ್ಪ ತಳದ ಪಾತ್ರೆಯಲ್ಲಿ ನೀರಿನಂಶ ಇಂಗುವವರೆಗೆ ಕಾಯಿಸಿ ಗಟ್ಟಿ ಮಾಡಿಕೊಳ್ಳುವುದು, ಕಚ್ಚಲು ಸಿಗಲೆಂದು ಬಿರುಸಾದ ತೋತಾಪುರಿಯ ಹೋಳುಗಳನ್ನು ಅದರಲ್ಲಿ ಬೆರೆಸುವುದು ಎಂದಾಯಿತು. ಹುಳಿಗೆ ಮುರುಗಲು ಹಾಕಬಹುದೇ ಎಂದೆ. ಮಾವಿನ ಬಣ್ಣ ಕೆಡುತ್ತದೆಂದು ಅದನ್ನೂ ತಳ್ಳಿಹಾಕಿ ಲಿಂಬೆರಸ ಸಾಕೆಂದರು. ಹಣ್ಣನ್ನು ನಾನೇ ಅಂಕೋಲೆಯಿಂದ ತರಿಸಿಕೊಟ್ಟೆ. ಹೆದ್ದಾರಿಯ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಡಜನ್ನಿನ ಲೆಕ್ಕದಲ್ಲಿ ಮಾರುವ ಹಾಲಕ್ಕಿ ಸಮುದಾಯದ ಹೆಂಗಸರ ಹಣ್ಣು.

ಬೆಲೆಯ ಮಾತು ಬೇಗ ಮುಗಿಯಿತು. ಒಂಬತ್ತು ಇಂಚಿನ ಪೈಗೆ 650 ರೂಪಾಯಿ, ಹಣ್ಣು ನಮ್ಮದಾದರೆ 500, ತಗಡಿನ ತಟ್ಟೆಗೆ ತಲಾ 100 ರೂಪಾಯಿ ಠೇವಣಿ. ಆದರೆ ಆ ಆರ್ಡರನ್ನು ಬಾಯಿ ಬರೆದುಕೊಂಡದ್ದು ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನ ಮೇಲೆ, ಪೆನ್ಸಿಲಿನಲ್ಲಿ. ಗೋಡೆಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕೆಗಳ ನೋಂದಣಿ ಸಂಖ್ಯೆಯನ್ನು ಚೌಕಟ್ಟು ಹಾಕಿಸಿ ತೂಗುಹಾಕಿದವರು ಗಿರಾಕಿಯ ಆರ್ಡರಿಗೆ ಒಂದು ಪುಸ್ತಕ ಇಡಬಾರದೇ ಎಂದು ನಾನು ಎದುರಿಗೇ ಹೇಳಿದೆ. ನಕ್ಕು ಸುಮ್ಮನಾದರು.

ಆರ್ಡರು ಪಕ್ಕಾ ಮಾಡುವ ಮೊದಲು ರುಚಿ ನೋಡಲೆಂದು ಬಟಾಟೆ-ಬಟಾಣಿಯ ಪೈಯೊಂದನ್ನು ಮನೆಗೆ ಒಯ್ದಿದ್ದೆ. ಮೇಲಿನ ಹಾಳೆ ಹದವಾಗಿ ಕಂದಿತ್ತು, ಮಸಾಲೆ ಚೆನ್ನಾಗಿತ್ತು. ತಳ ಮಾತ್ರ ಬಿಳಿಚಿಕೊಂಡು ಹಸಿಯಾಗಿ, ಚಾಕುವಿಗೆ ಅಂಟುತ್ತಿತ್ತು. ಹಾಗೆಯೇ ಮರಳಿ ತೆಗೆದುಕೊಂಡು ಹೋಗಿ ಮುಂದಿಟ್ಟೆ. ಬಾಯಿ ಅದನ್ನು ತಟ್ಟೆಯ ಮೇಲೆ ಬೋರಲು ಹಾಕಿ, ತಳಕ್ಕೆ ಉಗುರಿನಿಂದ ತಟ್ಟಿ ಕಿವಿಗೊಟ್ಟರು. ಬೆಂದ ತಳ ಟಕಟಕ ಎನ್ನಬೇಕು, ಇದು ಮಾತಾಡಲಿಲ್ಲ. ಸದಾಶಿವಗಡದಿಂದ ಕೆಲಸಕ್ಕೆ ಬರುವ ಹುಡುಗನನ್ನು ಕರೆದು ಕೊಂಕಣಿಯಲ್ಲಿ ವಿಚಾರಿಸಿದಾಗ, ಪಲ್ಯ ಆರುವ ಮೊದಲೇ ಹಿಟ್ಟಿನ ಮೇಲೆ ಸುರಿದದ್ದು ತಿಳಿಯಿತು. ಬಿಸಿ ಪಲ್ಯ ಬಿದ್ದರೆ ಹಿಟ್ಟಿನೊಳಗಿನ ಬೆಣ್ಣೆ ಓವನ್ನಿಗೆ ಹೋಗುವ ಮೊದಲೇ ಕರಗುತ್ತದೆ, ಹಿಟ್ಟು ನೀರು ಕುಡಿದು ಅಂಟಾಗುತ್ತದೆ. ಅದರ ಮೇಲೆ ಆ ದಿನ ಬಳಸಿದ್ದು ತೆಳುವಾದ ಹೊಳೆಯುವ ಅಲ್ಯುಮಿನಿಯಂ ತಟ್ಟೆ. ಅದು ಶಾಖವನ್ನು ಹೀರುವುದಕ್ಕಿಂತ ಹಿಂದಿರುಗಿಸುವುದೇ ಹೆಚ್ಚು. ಕಪ್ಪು ಬಣ್ಣದ ಭಾರದ ತಟ್ಟೆಯನ್ನು, ಮೊದಲೇ ಕಾಯಿಸಿಟ್ಟ ಕಬ್ಬಿಣದ ಹಾಳೆಯ ಮೇಲೆ ಕೆಳಗಿನ ಅಂತಸ್ತಿನಲ್ಲಿಟ್ಟು, ಮೊದಲ ಕಾಲು ತಾಸು 220 ಡಿಗ್ರಿ, ಆಮೇಲೆ 180ಕ್ಕೆ ಇಳಿಸಿದರೆ ತಳ ಮೇಲ್ಮೈಯ ಜೊತೆಗೇ ಬೇಯುತ್ತದೆ. ಹಣ ಮರಳಿ ಕೊಡಲು ಬಂದರು; ನಾನು ಹಣದ ಬದಲು ಇನ್ನೊಂದು ಪೈ ಸಾಕೆಂದೆ. ಮಾರನೆಯ ದಿನ ಕೊಟ್ಟದ್ದರ ತಳವನ್ನು ಮನೆಗೆ ತಂದು ನಾನೂ ತಟ್ಟಿ ನೋಡಿದೆ, ಸದ್ದು ಬಂತು.

ಬೆಳಗಿನ ವಾಯುವಿಹಾರಕ್ಕೆ ಟ್ಯಾಗೋರ್ ಕಡಲತೀರಕ್ಕೆ ಹೋಗುವವಳು ಒಮ್ಮೆ ದಾರಿ ಬದಲಿಸಿ, ಹಿಟ್ಟು ಕಲಸುವುದನ್ನು ನೋಡಲು ಬೆಳಕು ಹರಿಯುವ ಮೊದಲೇ ಅಂಗಡಿಗೆ ಹೋಗಿದ್ದೆ. ಲೆಕ್ಕ ಸರಳ: ತೂಕದಲ್ಲಿ ಮೂರು ಪಾಲು ಮೈದಾ, ಎರಡು ಪಾಲು ಬೆಣ್ಣೆ, ಒಂದು ಪಾಲು ನೀರು, ಚಿಟಿಕೆ ಉಪ್ಪು. ಒಂಬತ್ತು ಇಂಚಿನ ಪೈಯೊಂದಕ್ಕೆ ತಳ, ಮೇಲೆ ಎರಡೂ ಸೇರಿ 300 ಗ್ರಾಂ ಮೈದಾ, 200 ಗ್ರಾಂ ಬೆಣ್ಣೆ. ಕಷ್ಟವಿರುವುದು ಲೆಕ್ಕದಲ್ಲಲ್ಲ, ಕಾರವಾರದ ಹವೆಯಲ್ಲಿ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯ ನಡುವೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಅಡುಗೆಮನೆಗಳು ಇರುವುದೂ ಅಲ್ಲೇ. ಬೆಣ್ಣೆ ಬಟಾಣಿ ಗಾತ್ರದ ತುಣುಕುಗಳಾಗಿಯೇ ಹಿಟ್ಟಿನಲ್ಲಿ ಉಳಿಯಬೇಕು. ಓವನ್ನಿನ ಶಾಖಕ್ಕೆ ಆ ತುಣುಕುಗಳು ಕರಗುತ್ತ, ಅವುಗಳೊಳಗಿನ ನೀರು ಹಬೆಯಾಗುತ್ತ ಪದರುಗಳು ಬಿಡಿಬಿಡಿಯಾಗುತ್ತವೆ. ಕಲಸುವಾಗಲೇ ಕರಗಿಬಿಟ್ಟರೆ ಪದರಿಲ್ಲ, ಗಟ್ಟಿ ಬಿಲ್ಲೆ. ಆದ್ದರಿಂದ ಮೈದಾವನ್ನೂ ಫ್ರಿಜ್ಜಿನಲ್ಲಿಟ್ಟು, ಮಂಜುಗಡ್ಡೆಯ ನೀರು ಹಾಕಿ, ಬೆರಳ ತುದಿಯಷ್ಟನ್ನೇ ತಾಗಿಸಿ, ಸೂರ್ಯ ಏರುವ ಮೊದಲು ಕೆಲಸ ಮುಗಿಸುತ್ತಾರೆ. ವನಸ್ಪತಿ ಹಾಕಿದರೆ ಈ ಪಡಿಪಾಟಲು ಅರ್ಧವಾಗುತ್ತದೆ, ಖರ್ಚೂ ಇಳಿಯುತ್ತದೆ. 2022ರ ಜನವರಿಯಿಂದ ಇಂಥ ಕೊಬ್ಬುಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್‌ಫ್ಯಾಟ್ ಶೇಕಡಾ 2ನ್ನು ಮೀರಬಾರದೆಂಬ ನಿಯಮ ಬಂದ ಮೇಲೆ ಮೊದಲಿನಷ್ಟು ಹೆದರಬೇಕಾಗಿಲ್ಲವಾದರೂ, ಅವರಿಗೆ ಒಗ್ಗದ ವಿಷಯ ಆರೋಗ್ಯದ್ದಲ್ಲ, ರುಚಿಯದು: ವನಸ್ಪತಿ ಪೈ ತಿಂದ ಮೇಲೆ ಅಂಗುಳಕ್ಕೆ ಜಿಡ್ಡು ಅಂಟಿಕೊಂಡೇ ಇರುತ್ತದೆ ಎನ್ನುತ್ತಾರೆ.

ರವಿವಾರ ರಾತ್ರಿ ಮುಂಗಾರುಪೂರ್ವದ ಗುಡುಗು-ಗಾಳಿ ಬಂದು ಕೋಡಿಬಾಗದಲ್ಲಿ ಕರೆಂಟು ಹೋಯಿತು. ಸೋಮವಾರ ಬೆಳಿಗ್ಗೆ ಆರಕ್ಕೆ ಬಾಯಿಯ ಫೋನು. “ಅಕ್ಕೋರೆ, ರಾತ್ರಿ ಕಲಸಿಟ್ಟ ಹಿಟ್ಟು ಪೂರ್ತಿ ಮೆತ್ತಗಾಗಿದೆ. ಇದರಲ್ಲಿ ಮಾಡಿದರೆ ಪೈ ಅಲ್ಲ, ರೊಟ್ಟಿ. ಇದನ್ನು ನಿಮಗೆ ಕೊಡುವುದಿಲ್ಲ. ಹೊಸದಾಗಿ ಕಲಸುತ್ತೇನೆ, ತಡವಾಗುತ್ತದೆ; ಬೇಡವೆಂದರೆ ಮುಂಗಡ ಈಗಲೇ ವಾಪಸು.” ಏಳು ಗಂಟೆಗೆ ಸಿದ್ಧವಾಗಬೇಕಿದ್ದ ಪೈಗಳು ಹತ್ತೂವರೆಗೆ ಓವನ್ನಿನಿಂದ ಇಳಿದವು. ಅಂಕೋಲೆಯಲ್ಲಿ ಚಹಾ ಐದು ಗಂಟೆಗೆ. ಅಣ್ಣನ ಮಗ ಕಾರು ತಂದು ಹನ್ನೊಂದಕ್ಕೇ ಬಾಗಿಲಲ್ಲಿ ನಿಲ್ಲಿಸಿ ಹಾರ್ನು ಬಾರಿಸುತ್ತಿದ್ದ. ಅವನಿಗೆ ಇನ್ನೂ ಕುರ್ಚಿಯವರನ್ನು ನೋಡುವುದಿತ್ತು. ಆರದ ಪೈಯನ್ನು ಕೈಗೆ ಕೊಡುವುದಿಲ್ಲವೆಂಬ ತಮ್ಮ ನಿಯಮವನ್ನು ಬಾಯಿ ಆ ದಿನವೂ ಸಡಿಲಿಸಲಿಲ್ಲ, ಆದರೆ ಉಪಾಯ ಹೇಳಿದರು. ಬಟಾಟೆಯದನ್ನು ಮೊದಲು ಒಯ್ಯುವುದು. ಮಾವಿನದನ್ನು ಫ್ಯಾನಿನ ಕೆಳಗೆ ಜಾಲರಿಯ ಮೇಲೆ ಎರಡರವರೆಗೆ ಬಿಟ್ಟು, ನಾನು ಆಮೇಲೆ ರಿಕ್ಷಾದಲ್ಲಿ ತೆಗೆದುಕೊಂಡು ಹೋಗುವುದು.

ಕಾರವಾರದಿಂದ ಅಂಕೋಲೆಗೆ ಮೂವತ್ತು-ಮೂವತ್ತೈದು ಕಿಲೋಮೀಟರಿನ ದಾರಿ. ರಿಕ್ಷಾದವನು ಪರಿಚಯದ ಹುಡುಗ, ಹೊಂಡ ಕಂಡಲ್ಲೆಲ್ಲ ಗಾಡಿಯನ್ನು ಕೈಕೂಸನ್ನು ಹೊತ್ತವನಂತೆ ಇಳಿಸಿದ ಎಂದು ಬರೆಯಬೇಕೆನಿಸುತ್ತದೆ, ಆದರೆ ಅವನು ಬಿಣಗಾ ದಾಟಿದ ಮೇಲೆ ಎಂದಿನಂತೆಯೇ ಓಡಿಸಿದ. ಡಬ್ಬಿಗಳಿಗೆ ಮುಚ್ಚಳ ಹಾಕಬೇಡಿ, ತೆಳು ಬಟ್ಟೆ ಮಾತ್ರ ಹೊದಿಸಿ, ಒಂದರ ಮೇಲೊಂದು ಇಡಬೇಡಿ ಎಂದು ಬಾಯಿ ಹೇಳಿದ್ದರಿಂದ ಸೀಟಿನ ಮೇಲೆ ಪೈಗಳು, ಮೂಲೆಯಲ್ಲಿ ಮುದುಡಿಕೊಂಡು ನಾನು. ಒಂದರ ಅಂಚು ಬೆರಳಗಲ ಮುರಿಯಿತು, ಉಳಿದವು ಇದ್ದಂತೆಯೇ ತಲುಪಿದವು.

ಐದಕ್ಕೆ ಕತ್ತರಿಸಿದಾಗ ಹೂರಣ ನಿಂತಿತು. ಸಿರ್ಸಿಯವರು ಮೊದಲು ಓವನ್ನಿನ ಬಗ್ಗೆಯೇ ಕೇಳಿದರು. ಸೋಮವಾರದ ಪಾಳಿಯ ವಿಷಯ ಹೇಳಿದ ಮೇಲೆ ನೆಮ್ಮದಿಯಿಂದ ತಿಂದು, ಒಬ್ಬರಂತೂ ಮಾವಿನದನ್ನು ಎರಡನೆಯ ಸಲ ಹಾಕಿಸಿಕೊಂಡರು. ಅಣ್ಣನಿಗೆ ಬಟಾಟೆಯದು ಹಿಡಿಸಿತು. ಮನೆಯ ಹಿರಿಯರಿಗೆ ಮಾವಿನ ಪೈ ಅಷ್ಟೇನೂ ರುಚಿಸಲಿಲ್ಲ. ಇಶಾಡನ್ನು ಹಾಗೇ ಹಿಚುಕಿ ತಿನ್ನುವುದು ಬಿಟ್ಟು ಬೇಯಿಸುವುದೇಕೆ ಎಂಬುದು ಅವರ ವಾದ, ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಬೇಯಿಸಿದ ಇಶಾಡಿನಲ್ಲಿ ಸಿಹಿ ಉಳಿಯುತ್ತದೆ, ಪರಿಮಳ ಮಾತ್ರ ಒಂದಿಷ್ಟು ಕಡಿಮೆಯಾಗುತ್ತದೆ ಎಂದು ನನಗೂ ಅನಿಸಿತು. ಬಾಯಿಗೆ ಅದನ್ನು ಹೇಳಿದಾಗ, ಮುಂದಿನ ವರ್ಷ ತಿರುಳಿನ ಅರ್ಧವನ್ನು ಕಾಯಿಸದೆ ಕೊನೆಗೆ ಬೆರೆಸಿ ನೋಡೋಣವೆಂದರು.

ತಟ್ಟೆಗಳನ್ನು ಮರಳಿಸಲು ಹೋದ ಹೊತ್ತಿಗೆ ಮಳೆ ಹಿಡಿದಿತ್ತು, ಅಂಗಡಿಯಲ್ಲಿ ಪೈ ತೀರ ಕಡಿಮೆ ಇದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಸಿಗಡಿ ಪೈ ನಿಂತಿತ್ತು. ಆಷಾಢದ ಹವೆಯಲ್ಲಿ ಹೊರಕವಚ ಬೆಳಿಗ್ಗೆ ಗರಿಗರಿಯಾಗಿದ್ದರೂ ಸಂಜೆಗೆ ತೇವ ಹೀರಿ ಬಾಗುತ್ತದೆಂದು ಹಣ್ಣಿನ ಪೈಯನ್ನು ಆ ಎರಡು ತಿಂಗಳು ಅವರು ಆರ್ಡರಿಗೂ ಮಾಡುವುದಿಲ್ಲ. ತರಕಾರಿಯದನ್ನು ಮಾತ್ರ, ಅದೂ ಒಯ್ದ ಎರಡು ತಾಸಿನೊಳಗೆ ತಿನ್ನುತ್ತೇವೆಂದವರಿಗೆ. ನಾನಿದ್ದಾಗಲೇ ಮಲ್ಲಾಪುರದ ಕೈಗಾ ವಸಾಹತಿನಿಂದ ಫೋನು ಬಂತು, ಸೇಬಿನ ಪೈ ಬೇಕಂತೆ. “ಆಗುವುದಿಲ್ಲ” ಎಂದು ಇಡಲು ಹೊರಟವರು ನನ್ನ ಮುಖ ನೋಡಿ ಮತ್ತೆ ಕಿವಿಗಿಟ್ಟುಕೊಂಡು, ಮಳೆಗೆ ಹೇಗೆ ಮೆತ್ತಗಾಗುತ್ತದೆ, ಹಿಮಾಚಲದ ಹೊಸ ಸೇಬು ಬಂದ ಮೇಲೆ ಏಕೆ ಚೆನ್ನ ಎಂಬುದನ್ನು ಎರಡು ಮಾತಿನಲ್ಲಿ ತಿಳಿಸಿದರು. ಆ ಕಡೆಯವರು ಚೌತಿಯ ನಂತರ ಮಾಡಿಕೊಡಿ ಎಂದು ಹೆಸರು ಬರೆಸಿದರು.

ನನ್ನದೂ ಒಂದು ಆರ್ಡರಿದೆ. ಪೈ ತಿಂದು ಹೋದ ಸಿರ್ಸಿಯವರು ಬನವಾಸಿ ಕಡೆಯ ಅನಾನಸು ಕಳಿಸಿಕೊಡುತ್ತೇವೆ, ಅದರಲ್ಲಿ ಮಾಡಿಸಿ ಎಂದಿದ್ದಾರೆ. ಅನಾನಸಿನಲ್ಲಿ ನೀರು ಬಹಳ. ಹೆಚ್ಚಿ ಸಕ್ಕರೆ ಬೆರೆಸಿ ರಾತ್ರಿಯಿಡೀ ಬಿಟ್ಟು, ಬಿಟ್ಟ ರಸವನ್ನು ಬೇರೆಯಾಗಿ ಕುದಿಸಿ ಇಳಿಸಬೇಕಾದ್ದರಿಂದ ಹಣ್ಣು ಎರಡು ದಿನ ಮುಂಚೆ ಕೈ ಸೇರಬೇಕು ಎಂಬುದು ಬಾಯಿಯ ಷರತ್ತು. ಠೇವಣಿ ಮರಳಿ ಕೊಟ್ಟು, ಮುಂಗಡ ತೆಗೆದುಕೊಂಡು, ಸೋಮವಾರದ ಮೊದಲ ಪಾಳಿ, ಮೊಟ್ಟೆ ಬೇಡ, ಹಣ್ಣು ಗಿರಾಕಿಯದು ಎಂದು ಅವರು ಬರೆದುಕೊಂಡದ್ದು ಈ ಬಾರಿ ಇನ್ನೂರು ಪುಟದ ಹೊಸ ನೋಟ್‌ಬುಕ್ಕಿನಲ್ಲಿ; ಪೆನ್ಸಿಲು ಮಾತ್ರ ಅದೇ ಇತ್ತು.